ಸಿಲೋನ್ ಪ್ರವಾಸದ ವಿಷಯವಾಗಿ ನಮ್ಮ ನಡುಮನೆಯ ಹಲ್ಲಿಯವರಿಗೆ

ಹಲಸೂರು, ದಂಡುಪ್ರದೇಶ, ಬೆಂಗಳೂರು
೧೯೪೭ನೆಯ ಇಸವಿ, ಮೇ ತಿಂಗಳು

ನಡುಮನೆಯ ದಕ್ಷಿಣದ ಗೋಡೆಯ ಮೇಲೆ, ಗಡಿಯಾರದ ಹಿಂಬದಿಯಲ್ಲಿ ಬಹುಕಾಲದಿಂದ ಬಿಜಯಂಗೈದಿರುವ, ಕೇಳದೆಯೇ ಸತ್ಯ ನುಡಿಯುವ, ಸೊಳ್ಳೆ ನೊಣಗಳ ಪಾಲಿನ ಯಮಸ್ವರೂಪಿಗಳಾದ ಹಲ್ಲಿಯವರ ದಿವ್ಯ ಸನ್ನಿಧಾನಕ್ಕೆ, ಅದೇ ಮನೆಗೆ ಬಾಡಿಗೆ ಕಟ್ಟಿಕೊಂಡು ತಮ್ಮ ಅಪ್ಪಣೆಯಂತೆ ಬದುಕುತ್ತಿರುವ ದರ್ಜಿ ಚಲುವಯ್ಯನ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ಮೊದಲು ತಮ್ಮ ಯೋಗಕ್ಷೇಮ. ಕಳೆದ ತಿಂಗಳು ಕಳಚಿಬಿದ್ದ ಬಾಲದ ಜಾಗದಲ್ಲಿ ಹೊಸ ಬಾಲ ಚಿಗುರುತ್ತಿರುವುದನ್ನು ಕೆಳಗಿನಿಂದಲೇ ಕಂಡು ಸಂತೋಷಪಟ್ಟಿದ್ದೇನೆ. ತಮ್ಮ ಕಿವಿ ಎಲ್ಲಿದೆಯೆಂದು ಇಷ್ಟು ವರ್ಷ ಹುಡುಕಿದರೂ ನನಗೆ ಗೊತ್ತಾಗದ ಕಾರಣ, ಹೇಳಬೇಕಾದದ್ದನ್ನು ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದು, ಮೈದಾಹಿಟ್ಟಿನ ಅಂಟು ಕಾಯಿಸಿ, ತಮ್ಮ ಎದುರುಗೋಡೆಗೆ ಅಂಟಿಸುತ್ತಿದ್ದೇನೆ. ಇನ್ನೊಂದು ಪ್ರತಿಯನ್ನು ಅಂಗಡಿಯ ಬಾಗಿಲಿಗೂ ತೂಗುಹಾಕುವವನಿದ್ದೇನೆ, ಏಕೆಂದರೆ ಬಟ್ಟೆ ಕೊಡಲು ಬಂದವರೆಲ್ಲರೂ "ಏನ್ ಚಲುವಣ್ಣ, ನೀನಿನ್ನೂ ಇಲ್ಲೇ ಇದೀಯಾ?" ಎಂದು ಕೇಳಿ ಕೇಳಿ, ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ.

ವಿಷಯ ತಮಗೆ ತಿಳಿಯದ್ದೇನಲ್ಲ. ಯುದ್ಧದ ಕಾಲದಲ್ಲಿ ದಂಡಿನ ಸಿಪಾಯಿಗಳ ಖಾಕಿ ಅಂಗಿಗಳು ರಾಶಿ ರಾಶಿಯಾಗಿ ನಮ್ಮ ಮನೆಗೆ ಬಂದು ಬೀಳುತ್ತಿದ್ದಾಗ, ನಾನು ಮಿಷನ್ನು ತುಳಿದು ಹೊಲಿದದ್ದಕ್ಕೆಲ್ಲ ಕಾಜಾ ಕೊರೆದು ಗುಂಡಿ ಕೂರಿಸಿದವಳು ನನ್ನ ಹೆಂಡತಿ ಮುನಿಲಕ್ಷ್ಮಮ್ಮ. ಅವಳ ಬೆರಳಿನ ತುದಿ ಜರಡಿಯಂತಾಯಿತು. ಅವಳು ನಿಟ್ಟುಸಿರು ಬಿಟ್ಟಾಗಲೆಲ್ಲ ನಾನು, "ಯುದ್ಧ ಒಂದು ಮುಗೀಲಿ ಕಣೆ, ನಿಂಗೆ ಸಮುದ್ರ ತೋರಿಸ್ತೀನಿ" ಎಂದು ಮೂಗಿಗೆ ತುಪ್ಪ ಸವರುತ್ತಿದ್ದೆ. ಹುಟ್ಟಿದ್ದು ಕೃಷ್ಣರಾಜಪುರ, ಕೊಟ್ಟಿದ್ದು ಹಲಸೂರು, ನಡುವೆ ಒಂದು ಜಟಕಾ ದಾರಿ. ಅವಳು ಕಂಡ ಅತಿ ದೊಡ್ಡ ನೀರೆಂದರೆ ಹಲಸೂರು ಕೆರೆ. ಯುದ್ಧ ಮುಗಿದು ಎರಡು ವರ್ಷವಾಗುತ್ತ ಬಂತು. ಅವಳು ಮರೆತಿರಲಿಲ್ಲ. ಅಂಥ ಮಾತನ್ನು ಯಾವ ಹೆಂಗಸಾದರೂ ಮರೆಯುತ್ತಾಳೆಯೇ!

ಆ ಹೊತ್ತಿಗೆ ಸರಿಯಾಗಿ, ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ ಮಾಡುವ ನಮ್ಮ ಪಕ್ಕದ ಮನೆಯ ಅಹ್ಮದ್ ಪಾಷಾ ಸಾಹೇಬರು, ತಾವೂ ತಮ್ಮ ಮನೆಯವರಾದ ಶರ್ಫುನ್ನೀಸಾ ಅವರೂ ಈ ಬೇಸಿಗೆಯಲ್ಲಿ ಸಿಲೋನಿಗೆ ಹೊರಟಿರುವುದಾಗಿ ತಿಳಿಸಿದರು. ಕೊಲಂಬೊದಲ್ಲಿ ಅವರ ಅಣ್ಣನ ಮನೆಯಿದೆಯಂತೆ. ಹಿತ್ತಿಲ ಬಾಗಿಲು ತೆಗೆದರೆ ತೆಂಗಿನ ತೋಪು, ತೋಪು ದಾಟಿದರೆ ಮರಳು, ಮರಳಿನಾಚೆ ಸಮುದ್ರವೋ ಸಮುದ್ರ. "ನೀವೂ ಬನ್ನಿ ಚಲುವಣ್ಣ, ಎರಡು ಕೋಣೆ ಖಾಲಿ ಐತೆ, ಅಡಿಗೆ ನಿಮ್ದೇ ಬೇರೆ ಮಾಡ್ಕೊಳ್ಳಿ, ಭಾಯಿಜಾನ್ ಖುಷಿ ಆಗ್ತಾರೆ" ಎಂದು ಅವರು ಕರೆದ ದಿನ ನಮ್ಮ ಮಕ್ಕಳಿಬ್ಬರೂ ಚಾಪೆಯ ಮೇಲೆ ಬೋರಲು ಮಲಗಿ, ಕೈಕಾಲು ಬಡಿದು, ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಸಾಯಂಕಾಲದವರೆಗೂ ಈಜಿದರು. ತಾವು ಮೇಲಿನಿಂದ ನೋಡುತ್ತಿದ್ದಿರಿ. ಆಗಲಾದರೂ ಒಂದು ಮಾತು ನುಡಿಯಬಹುದಿತ್ತು. ನುಡಿಯಲಿಲ್ಲ.

ನುಡಿದದ್ದು ಯಾವಾಗ? ಅಂದು ರಾತ್ರಿ ಊಟ ಮುಗಿಸಿ ಎಲ್ಲರೂ ಸುತ್ತ ಕುಳಿತು, ಮದರಾಸಿಗೆ ಹೇಗೆ ಹೋಗುವುದು, ಅಲ್ಲಿಂದ ಧನುಷ್ಕೋಟಿಯ ರೈಲು ಹೇಗೆ ಹಿಡಿಯುವುದು, ಹಡಗಿನಲ್ಲಿ ಹುರಿಹಿಟ್ಟು ಕಲಸಿಕೊಳ್ಳಲು ನೀರು ಕೊಡುತ್ತಾರೋ ಇಲ್ಲವೋ ಎಂದು ಮಾತಾಡುತ್ತಿದ್ದಾಗ, ಎಲೆಯಡಿಕೆ ಮೆಲ್ಲುತ್ತಿದ್ದ ನನ್ನ ತಾಯಿ ಪಿಳ್ಳಮ್ಮನವರು, "ಸಮುದ್ರ ಅಂದ್ರೆ ಸುಮ್ನೇನಪ್ಪಾ? ಹೋದೋರೆಲ್ಲಾ ವಾಪಸ್ ಬಂದವ್ರಾ?" ಎಂದರು. ಆ ಮಾತು ಇನ್ನೂ ಅವರ ತುಟಿಯಿಂದ ಇಳಿದಿರಲಿಲ್ಲ, ಗಡಿಯಾರದ ಹಿಂದಿನಿಂದ ತಾವು ಲೊಚ ಲೊಚ ಲೊಚ ಎಂದಿರಿ. ಯಾರಾದರೂ ಆಡಿದ ಮಾತಿನ ಬೆನ್ನಿಗೇ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವೆಂಬುದು ನಮ್ಮ ತಾಯಿಯವರ ಕಾನೂನು. ಅವರು ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ, ನೋಡ್ದಾ, ಸತ್ಯ!" ಎಂದರು. ಅಲ್ಲಿಗೆ ಸಿಲೋನು ಮುಳುಗಿತು.

ಮಾನ್ಯರೇ, ನಾನು ಓದಿದ್ದು ಕಡಿಮೆ, ಆದರೂ ಕೈಮುಗಿದು ಕೇಳುತ್ತೇನೆ: ನಮ್ಮ ತಾಯಿ ಹೇಳಿದ್ದು ಮಾತಲ್ಲ, ಪ್ರಶ್ನೆ. ಪ್ರಶ್ನೆ ಸತ್ಯವಾಗುವುದು ಹೇಗೆ? "ಉಪ್ಪು ಹಾಕಿದ್ಯಾ?" ಎಂದು ಕೇಳಿದಾಗ ಹಲ್ಲಿ ಲೊಚಗುಟ್ಟಿದರೆ ಸಾರಿಗೆ ಉಪ್ಪು ಬಿದ್ದಂತಾಯಿತೇ, ಬೀಳದಂತಾಯಿತೇ? ಈ ಸೂಕ್ಷ್ಮವನ್ನು ತಾಯಿಯ ಮುಂದೆ ಇಟ್ಟಾಗ, "ಹಲ್ಲಿ ಹತ್ರ ವಕೀಲಿಕೆ ಮಾಡ್ಬೇಡ ಕಣೋ" ಎಂದು ನನ್ನ ಬಾಯಿಗೆ ಬೀಗ ಹಾಕಿದರು.

ಆದರೂ ನಾನು ಪ್ರಯತ್ನ ಬಿಡಲಿಲ್ಲ. ಸತ್ಯವೆಂಬುದು ತಮ್ಮ ಬಾಯಿಂದಲೇ ಬರಬೇಕೆಂದಾದರೆ ಒಳ್ಳೆಯ ಮಾತಿನ ಬೆನ್ನಿಗೂ ಬರಲಿ ಎಂದುಕೊಂಡು, ದೀಪ ಹಚ್ಚುವ ಹೊತ್ತಿಗೆ ತಮ್ಮ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, "ಸಿಲೋನಿಗೆ ಹೋದರೆ ಒಳ್ಳೆಯದಾಗುತ್ತೆ, ಸಿಲೋನಿಗೆ ಹೋದರೆ ಒಳ್ಳೆಯದಾಗುತ್ತೆ" ಎಂದು ಹೇಳುತ್ತಲೇ ಇದ್ದೆ. ಬೀದಿಯಲ್ಲಿ ಹೋಗುವವರು ಕಿಟಕಿಯಿಂದ ಇಣುಕಿ, ಚಲುವಯ್ಯ ಜಪಕ್ಕೆ ಕುಳಿತಿದ್ದಾನೆಂದು ಭಾವಿಸಿ ಚಪ್ಪಲಿ ಬಿಟ್ಟು ಕೈಮುಗಿದರು. ತಾವು ಮಾತ್ರ ಒಂದು ಚಿಟ್ಟೆಯನ್ನು ನುಂಗಿ, ಇನ್ನೊಂದನ್ನು ನೋಡುತ್ತ, ಮೌನವ್ರತ ಹಿಡಿದಿರಿ. ಕಾಲು ಜೋಮು ಹಿಡಿದು, ತಲೆ ಕೆಟ್ಟು, ಎದ್ದು ನಿಂತು "ಹಾಳಾಗಿ ಹೋಗ್ಲಿ!" ಎಂದೆ ನೋಡಿ, ತಕ್ಷಣ ಲೊಚ ಲೊಚ ಲೊಚ! ಅಡಿಗೆಮನೆಯಿಂದ ತಾಯಿಯವರ "ಕೃಷ್ಣ ಕೃಷ್ಣ" ಕೇಳಿಸಿತು. ಶಿವಶಿವಾ, ಇಷ್ಟು ಚೆನ್ನಾಗಿ ಹೊತ್ತು ನೋಡಿ ಮಾತಾಡುವವರನ್ನು ನಾನು ಕಚೇರಿಗಳಲ್ಲೂ ಕಂಡಿಲ್ಲ.

ಮಾರನೆಯ ದಿನ ಕಸಬರಿಗೆ ಹಿಡಿದು ತಮ್ಮನ್ನು ಉತ್ತರದ ಗೋಡೆಗೆ ಸಾಗಹಾಕಲು ಬಂದದ್ದು ನಿಜ. ಅದು ಹೊಡೆಯುವುದಕ್ಕಲ್ಲ, ಬರೀ ಜಾಗ ಬದಲಿಸಿಕೊಳ್ಳಿರೆಂದು ವಿನಂತಿಸುವುದಕ್ಕೆ. ತಾವು ವಿನಂತಿಯನ್ನು ತಪ್ಪು ತಿಳಿದು ಬಾಲ ಕಳಚಿದಿರಿ, ಅದು ಪ್ರವಾಸಕ್ಕೆಂದೇ ಹೊಸದಾಗಿ ಹೊಲಿದಿಟ್ಟಿದ್ದ ಹಾಸಿಗೆಚೀಲದ ಮೇಲೆ ಬಿದ್ದು ಕುಣಿಯಿತು. "ಬಾಯಲ್ಲಿ ಹೇಳಿದ್ದು ಕೇಳ್ಲಿಲ್ಲ ಅಂತ ಬಾಲಾನೇ ಬಿಟ್ಟು ಹೇಳ್ತು" ಎಂದು ತಾಯಿಯವರು ಕಣ್ಣೊರೆಸಿಕೊಂಡರು. ಪಾಷಾ ಸಾಹೇಬರು ಬಂದು, "ಅಮ್ಮಾ, ಹಡಗು ಅಂದ್ರೆ ನಮ್ಮ ಮಾರ್ಕೆಟ್ ಇದ್ದಂಗೆ ಐತೆ, ಅಷ್ಟು ದೊಡ್ಡದು, ಹೆದರ್ಬೇಡಿ" ಎಂದು ಎಷ್ಟು ನಯವಾಗಿ ಹೇಳಿದರೂ ತಾವು ತುಟಿ ಬಿಚ್ಚಲಿಲ್ಲ. ಬೇಸತ್ತ ಅವರು "ಆಯ್ತು, ನಿಮ್ಮಿಷ್ಟ" ಎಂದದ್ದೇ ತಡ, ಲೊಚ! ಪಾಪ, ಆ ಮನುಷ್ಯ ತಮ್ಮನ್ನು ನೋಡಿ ಸಲಾಂ ಮಾಡಿ ಹೊರಟುಹೋದರು.

ಇಂತಹ ಪ್ರತಿಭೆ ನಮ್ಮಂಥ ಬಡವರ ಮನೆಯ ಗಡಿಯಾರದ ಹಿಂದೆ ವ್ಯರ್ಥವಾಗುತ್ತಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ. ಯುದ್ಧ ಹೂಡಲು ದೊಡ್ಡ ದೊಡ್ಡವರು ಕುಳಿತಿದ್ದ ಕೋಣೆಯ ಗೋಡೆಯ ಮೇಲೆ ತಮ್ಮ ಕುಲದವರೊಬ್ಬರಿದ್ದು, "ಇದೆಲ್ಲ ಬೇಕಾ?" ಎಂದು ಯಾರೋ ಒಬ್ಬ ಕೇಳಿದಾಗ ಲೊಚಗುಟ್ಟಿದ್ದರೆ ಎಷ್ಟು ಜನ ಬದುಕುತ್ತಿದ್ದರು, ನನ್ನ ಹೆಂಡತಿಯ ಬೆರಳೂ ಉಳಿಯುತ್ತಿತ್ತು. ಆದ್ದರಿಂದ ತಾವು ದಯಮಾಡಿ ದೊಡ್ಡ ಹುದ್ದೆಗೆ ತೆರಳಬೇಕು. ಅದಾಗದಿದ್ದರೆ ವಾರಕ್ಕೊಂದು ದಿನ ಮೌನದ ರಜೆ ಹಾಕಬೇಕು. ಅದೂ ಆಗದಿದ್ದರೆ ಆ ಸಮುದ್ರವನ್ನೇ ಹೇಗಾದರೂ ಮಾಡಿ ಹಲಸೂರು ಕೆರೆಯವರೆಗೆ ಕರೆಸಿಕೊಡಬೇಕು, ದಂಡೆಗೆ ತೆಂಗಿನ ಸಸಿಗಳನ್ನು ನಾನೇ ನೆಡುತ್ತೇನೆ.

ಇಷ್ಟೆಲ್ಲ ನಡೆಯುವಾಗ ಮುನಿಲಕ್ಷ್ಮಮ್ಮ ತನ್ನ ಪಾಡಿಗೆ ಕಾಜಾ ಕೊರೆಯುತ್ತಲೇ ಇದ್ದಳು. ಅವಳು ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಾಸಿಗೆಚೀಲವನ್ನು ಮಡಿಸಿ ಅಟ್ಟಕ್ಕೆ ಹಾಕಿದಳು, ಮಕ್ಕಳಿಗೆ ಈಜು ನಿಲ್ಲಿಸಿ ಎಂದಳು, ಮತ್ತೆ ಕೆಲಸಕ್ಕೆ ಕುಳಿತಳು. ನನಗೆ ಮುಖ ಎತ್ತಲಾಗಲಿಲ್ಲ. ಪಾಷಾ ಸಾಹೇಬರು ಟಿಕೀಟು ಮಾಡಿಸಲು ಹೋಗುವ ಹಿಂದಿನ ಸಾಯಂಕಾಲ ಅವಳು ದೀಪ ಹಚ್ಚಿ ಬಂದು, ತಮ್ಮ ಕಡೆ ತಿರುಗಿಯೂ ನೋಡದೆ, ಅತ್ತೆಯ ಮುಂದೆ ನಿಂತು ಮೆಲ್ಲಗೆ, "ಅತ್ತೆಮ್ಮಾ, ಈ ಸಲ ನೋಡ್ಲಿಲ್ಲ ಅಂದ್ರೆ ನಾನಿನ್ನು ಸಾಯೋವರ್ಗೂ ಸಮುದ್ರ ನೋಡಲ್ಲ" ಎಂದಳು.

ತಾವು ನುಡಿದಿರಿ. ಲೊಚ, ಲೊಚ, ಲೊಚ.

ತಾಯಿಯವರ ಬೆರಳು ರೂಢಿಯಂತೆ ನೆಲಕ್ಕೆ ಹೋಯಿತು, ಆದರೆ ಕುಟ್ಟಲಿಲ್ಲ. ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಆಮೇಲೆ, "ನಂದೂ ಅದೇ ಕಣೆ ಲಕ್ಷ್ಮೀ" ಎಂದರು. "ನಾನ್ಯಾವಾಗ ನೋಡಿದ್ದೆ? ನಿಮ್ಮಾವನೂ ತೋರಿಸ್ತೀನಿ ತೋರಿಸ್ತೀನಿ ಅಂತಾನೇ ಹೋದ್ರು." ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾವೆಲ್ಲ ಹೇಳುತ್ತೇವೆ, ಇಬ್ಬರಿಗೂ ಒಂದೇ ಕಾಲ ಬಂದದ್ದನ್ನು ನಾನು ಅಂದೇ ಕಂಡದ್ದು. ನನಗೆ ಅಳು ಬಂತು, ದೀಪದ ಹೊಗೆಯೆಂದು ಹೇಳಿ ಹೊರಗೆ ಹೋದೆ.

ಆಮೇಲಿನ ಸಂಭ್ರಮವನ್ನು ತಾವೇ ಕಂಡಿದ್ದೀರಿ. ಸೂಜಿಯೆಂದರೆ ಬೀದಿ ಕೊನೆಗೆ ಕೇಳುವಂತೆ ಕೂಗಿಕೊಳ್ಳುತ್ತಿದ್ದ ನನ್ನ ತಾಯಿ ಆಸ್ಪತ್ರೆಯಲ್ಲಿ ಕಾಲರಾ ಸೂಜಿಗೆ ತಾವಾಗಿಯೇ ತೋಳು ಚಾಚಿದರು. ಕೋಡುಬಳೆ, ಹುರಿಹಿಟ್ಟು, ಚಟ್ನಿಪುಡಿ ಡಬ್ಬಿಗೆ ಬಿದ್ದವು. ಶರ್ಫುನ್ನೀಸಾ ಅವರು ಬಂದು ಹಡಗಿನಲ್ಲಿ ವಾಂತಿ ಬಾರದಿರಲೆಂದು ನಿಂಬೆಹಣ್ಣು ಕೊಟ್ಟರು. ನಾನು ನನಗೊಂದು ಹೊಸ ಜುಬ್ಬ ಹೊಲಿದುಕೊಂಡೆ. ಕನ್ನಡಿಯ ಮುಂದೆ ನಿಂತು, ಅವಳು ಮೊದಲ ಸಲ ಅಲೆ ಕಂಡಾಗ ಪಕ್ಕದಲ್ಲಿ ಹೀಗೆ ನಿಲ್ಲಬೇಕು, "ನೋಡೇ, ಹೇಳಿರ್ಲಿಲ್ವಾ?" ಎಂದು ಹೀಗೆ ಕೈ ಚಾಚಬೇಕು ಎಂದು ಅಭ್ಯಾಸವನ್ನೂ ಮಾಡಿದೆ.

ಹೊರಡುವ ದಿನ ಬಂತು. ದಂಡು ಸ್ಟೇಷನ್ನಿಗೆ ಎರಡು ಜಟಕಾ ಬಾಗಿಲಲ್ಲಿ ನಿಂತಿದ್ದವು. ಪೆಟ್ಟಿಗೆಗಳು ಏರಿದ್ದವು, ಮಕ್ಕಳು ಏರಿದ್ದರು, ಮನೆಯ ಬೀಗದಕೈ ನನ್ನ ಕೈಯಲ್ಲಿತ್ತು. ಆಗ ಹೊಸಿಲು ದಾಟುತ್ತಿದ್ದ ತಾಯಿಯವರು ತಿರುಗಿ, ಯಾರಿಗೂ ಅಲ್ಲ, ಸುಮ್ಮನೆ ಮನೆಯ ಕಡೆ ನೋಡಿಕೊಂಡು, "ಮನೇಲಿ ಒಬ್ಬ ಗಂಡಸಾದ್ರೂ ಇರ್ಬೇಕಲ್ವೇನಪ್ಪಾ?" ಎಂದರು.

ಮಾನ್ಯರೇ, ತಾವು ಆಗ ಏನೆಂದಿರಿ ಎಂಬುದನ್ನು ಬರೆಯಲು ನನ್ನ ಲೇಖನಿ ಒಪ್ಪುತ್ತಿಲ್ಲ. ನನ್ನ ಪೆಟ್ಟಿಗೆಯನ್ನು ಜಟಕಾದವನೇ ಇಳಿಸಿಕೊಟ್ಟ. ಪಾಷಾ ಸಾಹೇಬರು ಆಕಾಶ ನೋಡಿದರು. ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ತುಂಬಿಕೊಂಡು ನಗು ತಡೆಯುತ್ತ, ತಡೆಯಲಾಗದೆ ಕಣ್ಣಲ್ಲೂ ನೀರು ತಂದುಕೊಂಡು, "ಬೇಜಾರ್ ಮಾಡ್ಕೋಬೇಡೀಂದ್ರೆ, ನಾನ್ ನೋಡ್ಕೊಂಡ್ ಬಂದು ಎಲ್ಲಾ ಹೇಳ್ತೀನಿ" ಎಂದಳು. ಕುದುರೆ ಹೊರಟಿತು.

ಈಗ ಮನೆಯಲ್ಲಿ ನಾವಿಬ್ಬರೇ. ಅನ್ನ ಸೀದಾಗ "ಸೀದುಹೋಯ್ತಲ್ಲಪ್ಪಾ" ಎಂದರೆ ತಾವು ಲೊಚಗುಟ್ಟುತ್ತೀರಿ, ಒಪ್ಪುತ್ತೇನೆ. ನನ್ನ ದೂರು ಪ್ರವಾಸ ತಪ್ಪಿತೆಂದಲ್ಲ. ಸಮುದ್ರ ಅಲ್ಲೇ ಇರುತ್ತದೆ, ಇನ್ನೊಂದು ವರ್ಷಕ್ಕೂ ಸಿಕ್ಕೀತು. ಆದರೆ ಅದನ್ನು ಮೊಟ್ಟಮೊದಲು ಕಾಣುವಾಗಿನ ಅವಳ ಮುಖ ಒಂದೇ ಒಂದು ಸಲ ಆಗುವಂಥದ್ದು, ಅದನ್ನು ಯಾರೋ ಹಡಗಿನ ಖಲಾಸಿ ನೋಡಿಬಿಟ್ಟ. ಇದಕ್ಕೆ ಪರಿಹಾರವೇನೆಂದು ತಾವೇ ಪ್ರಾಮಾಣಿಕವಾಗಿ ನುಡಿಯಬೇಕೆಂದು ಬೇಡುವ,

ತಮ್ಮ ವಿಶ್ವಾಸಿ, ಸದ್ಯಕ್ಕೆ ಈ ಮನೆಯಲ್ಲಿ ತಮಗಿರುವ ಒಬ್ಬನೇ ಶ್ರೋತೃ,
ದರ್ಜಿ ಚಲುವಯ್ಯ

ಮರೆತ ಮಾತು: ಪಾಷಾ ಸಾಹೇಬರ ಅಂಗಡಿ ನೋಡಿಕೊಳ್ಳುತ್ತಿರುವ ಅವರ ತಮ್ಮ ಸನಾವುಲ್ಲಾ ಈಗಷ್ಟೇ ಬಂದು, ಕೊಲಂಬೊದಿಂದ ಬಂದ ಕಾಗದದ ಸುದ್ದಿ ಹೇಳಿಹೋದರು. ಎಲ್ಲರೂ ಕ್ಷೇಮ. ಆ ಮನೆಯ ಗೋಡೆಯ ಮೇಲೂ ತಮ್ಮ ಕುಲದವರೊಬ್ಬರು ಇದ್ದಾರಂತೆ. ಒಂದು ಸಾಯಂಕಾಲ ನಮ್ಮ ತಾಯಿಯವರು ಕಾಲಿಗೆ ಮರಳು ಮೆತ್ತಿಕೊಂಡು ಬಂದು ಕುಳಿತು, "ಇನ್ನೊಂದು ತಿಂಗಳು ಇದ್ದು ಹೋಗೋಣ್ವಾ ಲಕ್ಷ್ಮೀ?" ಎಂದರಂತೆ. ಅವರು ಲೊಚಗುಟ್ಟಿದರಂತೆ. ತಮಗೂ ಅವರಿಗೂ ಪತ್ರವ್ಯವಹಾರವಿದ್ದರೆ ಕೂಡಲೇ ಎರಡು ಸಾಲು ಬರೆಯಿರಿ. ಅಂಚೆಯ ಖರ್ಚು ನನ್ನದು.