ಅಜ್ಜಿಯ ಕೆಮ್ಮಿಗೊಂದು ಸೆನ್ಸರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಶುಕ್ರವಾರ ಸಂಜೆ ಅಜ್ಜಿಯ ಉಸಿರು ಕಟ್ಟಿದ್ದಕ್ಕೆ ಸಾಂಬ್ರಾಣಿ ಒಂದು ನೆಪ. ನಿಜವಾದ ಅಪರಾಧಿಗಳು ನನ್ನ ತಲೆ ಮತ್ತು ನನ್ನ ಗಂಟಲು.

ನಮ್ಮ ಮನೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೇ ಅಂಟಿಕೊಂಡಿದೆ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಒಗ್ಗರಣೆ ಘಾಟು. ಅಜ್ಜಿಗೆ ಮೊದಲೇ ಉಬ್ಬಸ. ದುಡ್ಡು ಕೊಟ್ಟು ಏರ್ ಪ್ಯೂರಿಫೈಯರ್ ಯಾಕೆ, ನಾನಿಲ್ಲವೇ ಎಂದು ರಟ್ಟಿನ ಡಬ್ಬಕ್ಕೆ ಕಾರಿನ ಏಸಿ ಫಿಲ್ಟರ್ ಅಂಟಿಸಿ, ಹಿಂದೆ ಹಳೇ ಟೇಬಲ್ ಫ್ಯಾನ್ ಕಟ್ಟಿದೆ. ಆದರೆ ಅಜ್ಜಿ ಕೆಮ್ಮಿದಾಗಲೆಲ್ಲ ಎದ್ದುಹೋಗಿ ಸ್ವಿಚ್ ಹಾಕುವವನೂ ನಾನೇ ಆದೆ. ಆ ಏಳುವ ಕಷ್ಟ ತಪ್ಪಲೆಂದು, ಹೊಗೆ ಕಂಡರೆ ತಾನೇ ಫ್ಯಾನ್ ಹಾಕುವ ಸೆನ್ಸರ್ ಕೂರಿಸಿದೆ. ಮನೆಯವರಿಗೆ ಹೇಳಿದ್ದು ಮಾತ್ರ ಅಜ್ಜಿಯ ಆರೋಗ್ಯದ ಕಥೆ.

ಮೊದಲ ಶುಕ್ರವಾರವೇ ಎಡವಟ್ಟಾಯಿತು. ಅಜ್ಜಿ ತಾತನ ಫೋಟೋ ಮುಂದೆ ಸಾಂಬ್ರಾಣಿ ಹಾಕುತ್ತಿದ್ದಂತೆ ಫ್ಯಾನ್ ಭರ್ರೆಂದು ಎದ್ದು ದೀಪವನ್ನೇ ಆರಿಸಿತು. “ಇದ್ದಾಗ್ಲೂ ಅಷ್ಟೇ, ನಾನ್ ಮಾಡಿದ್ದೊಂದೂ ಅವ್ರಿಗೆ ಹಿಡಿಸ್ತಿರ್ಲಿಲ್ಲ,” ಎಂದಳು ಅಜ್ಜಿ. ನಾವು ನಕ್ಕೆವು. ಅವಳು ಅಂದು ಊಟ ಮಾಡಲಿಲ್ಲ. ಅದಕ್ಕೇ ಒಂದು ಟೈಮರ್ ಸೇರಿಸಿದೆ: ದೀಪ ಹಚ್ಚುವ ಹೊತ್ತಿನಲ್ಲಿ ಸೆನ್ಸರ್ ಎಷ್ಟೇ ಬಡಿದುಕೊಂಡರೂ ಫ್ಯಾನ್ ಅಲ್ಲಾಡಕೂಡದು.

ಇನ್ನು ಗಂಟಲಿನ ವಿಷಯ. ಮಿಮಿಕ್ರಿ ನನಗಂಟಿದ ಚಟ. ಓನರ್ ಆಂಟಿಯ “ಗೇಟ್ ಹಾಕ್ರೀ”, ಅಪ್ಪ ಫೋನಿನಲ್ಲಿ ನಡುಬಗ್ಗಿಸಿ ಹೇಳುವ “ಎಸ್ ಸಾರ್”, ಯಾವುದನ್ನೂ ಬಿಟ್ಟವನಲ್ಲ. ಆದರೆ ಮನೆಯಲ್ಲಿ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತಿದ್ದುದು ಅಜ್ಜಿಯ ಕೆಮ್ಮು. ಮೊದಲು ಎದೆಯೊಳಗಿಂದೊಂದು ಸೀಟಿ, ಆಮೇಲೆ ಖೊಕ್ ಖೊಕ್, ಕೊನೆಗೊಂದು “ಶಿವನೇ”. ಅಜ್ಜಿಯೂ ನಗುತ್ತಿದ್ದಳು.

ಮುಂದಿನ ಶುಕ್ರವಾರ ಸಾಂಬ್ರಾಣಿ ಹೊಗೆ ದಟ್ಟವಾಯಿತು. ಸೆನ್ಸರಿನ ಕೆಂಪು ದೀಪ ಮಿಣುಕಿತು, ಟೈಮರ್ ಕೊಟ್ಟ ಮಾತಿಗೆ ತಪ್ಪಲಿಲ್ಲ, ಫ್ಯಾನ್ ಸುಮ್ಮನಿತ್ತು. ಟೈಮರ್ ಹಾಕಿದ್ದನ್ನೇ ಮರೆತು, ಯಂತ್ರ ನೋಡಿಕೊಳ್ಳುತ್ತದೆಂಬ ನೆಮ್ಮದಿಯಲ್ಲಿ ನಾನು ಎದುರು ಕೋಣೆಯ ಬಾಗಿಲು ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಅಜ್ಜಿ ಕೆಮ್ಮಿದ್ದು ಅಡುಗೆಮನೆಗೆ ಕೇಳಿಸಿತು. “ಸಾಕು ಕಣೋ, ವಯಸ್ಸಾದೋರನ್ನ ಆಡ್ಕೋಬೇಡ!” ಎಂದು ಅಮ್ಮ ಅಲ್ಲಿಂದಲೇ ನನ್ನನ್ನು ಗದರಿದಳಂತೆ. ಆದರೆ ಕೆಮ್ಮು ನಿಂತ ಮೇಲೂ “ಶಿವನೇ” ಬರಲಿಲ್ಲ. ಅಣಕಿಸುವಾಗ ನಾನು ಅದನ್ನು ಯಾವತ್ತೂ ಬಿಡುವವನಲ್ಲ. ಅಮ್ಮ ಸೌಟು ಎಸೆದು ಓಡಿದಾಗ ಅಜ್ಜಿ ಗೋಡೆಗೊರಗಿದ್ದಳು, ತುಟಿ ನೀಲಿಗಟ್ಟಿತ್ತು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿ ಕೊಟ್ಟ ಮೇಲೆ ಉಸಿರು ಮರಳಿತು. ಮನೆಗೆ ಬಂದವಳ ಮುಂದೆ ತಲೆ ಎತ್ತಲಾಗದೆ ಕೂತಿದ್ದೆ. ಆ ಕೆಮ್ಮನ್ನು ಇನ್ನು ನನ್ನಿಂದ ಅನುಕರಿಸಲಾಗದು. ಆದರೆ ಚಪಲ ಬಿಡಬೇಕಲ್ಲ! “ಅಜ್ಜಿ, ಇನ್ನೊಂದು ಸೆನ್ಸರ್ ಹಾಕ್ತೀನಿ. ನೀನು ಕೆಮ್ಮಿದ್ ತಕ್ಷಣ ನನ್ ಫೋನಿಗೆ ಮೆಸೇಜ್ ಬರುತ್ತೆ,” ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು.

“ಎದುರು ರೂಮಲ್ಲೇ ಬಿದ್ದಿರ್ತೀಯಲ್ಲೋ. ಬಾಗ್ಲು ತೆಗೆದಿಡು, ಸಾಕು.”