ಸೆಲ್ಲು ಸುಲಿಯುವ ನಮ್ಮತ್ತೆ

ನನಗೆ ಹೆಣ್ಣು ಕೊಟ್ಟದ್ದು ನನ್ನ ರೂಪ ನೋಡಿಯಲ್ಲ, ಗುಣ ನೋಡಿಯೂ ಅಲ್ಲ, ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು ಅನ್ನೋ ಕಾರಣಕ್ಕಂತೂ ಅಲ್ಲವೇ ಅಲ್ಲ. ನಮ್ಮಣ್ಣನ ಡ್ರಿಲ್ಲಿಂಗ್ ಮಿಷನ್ನುಗಳ ಕೆಟ್ಟುಹೋದ ಬ್ಯಾಟರಿ ನೋಡಿ! ನಂಬುವುದಿಲ್ಲ ಅಲ್ಲವೇ? ಹಾಗಾದರೆ ಹೆಣ್ಣು ನೋಡಲು ಹೋದ ದಿನದ ಕತೆ ಕೇಳಿ.

ನಮ್ಮೂರು ಬಿ.ಜಿ. ಕೆರೆ. ಅಲ್ಲಿ ನಮ್ಮಣ್ಣ ಬಾಗಿಲು, ಕಿಟಕಿ, ಮಂಚ ಮಾಡಿಸುವ ಕೆಲಸ ಇಟ್ಟುಕೊಂಡಿದ್ದಾನೆ. ಅವನನ್ನೂ ಅವ್ವನನ್ನೂ ಕರೆದುಕೊಂಡು ಚಳ್ಳಕೆರೆಗೆ ಹೋದೆ. ಉಪ್ಪಿಟ್ಟು ಬಂತು, ಕಾಫಿ ಬಂತು, ಹುಡುಗಿಯೂ ಬಂದಳು. ಹುಡುಗಿಯ ತಾಯಿ ನನ್ನನ್ನು ಲೈಟು ಕಂಬ ನೋಡಿದ ಹಾಗೆ ಒಂದು ಸಲ ನೋಡಿ, ಸೀದಾ ನಮ್ಮಣ್ಣನ ಕಡೆ ತಿರುಗಿದರು.

"ನಿಮ್ಮಲ್ಲಿ ವೈರಿಲ್ದೇ ಓಡೋ ಡ್ರಿಲ್ಲಿಂಗ್ ಮಿಷನ್ನು ಇದಾವಾ?"

"ಇದಾವ್ರಿ, ಐದಾರು" ಅಂದ ಅಣ್ಣ.

"ಅದರ ಬ್ಯಾಟ್ರಿ ಹೋದ್ರೆ ಏನ್ಮಾಡ್ತೀರಿ?"

"ಏನ್ಮಾಡಾದ್ರಿ, ಬಿಸಾಕ್ತೀವಿ."

ಆ ತಾಯಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು! ಒಳಗೆ ಹೋಗಿ ಗಂಡನ ಕಿವಿಯಲ್ಲಿ ಏನೋ ಅಂದರು. ಹೊರಗೆ ಬಂದವರೇ, "ಸಂಬಂಧ ನಮಗೆ ಒಪ್ಪಿಗೆ ಐತೆ" ಅಂದುಬಿಟ್ಟರು. ನಾನಿನ್ನೂ ನನ್ನ ಹೆಸರು ಹೇಳಿರಲಿಲ್ಲ!

ಅವರೇ ನಮ್ಮತ್ತೆ. ಇಂಜಿನಿಯರಿಂಗ್ ಇರಲಿ, ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಕೆಲವು ವರ್ಷದ ಹಿಂದೆ ಅವರ ಅಡುಗೆಮನೆಗೆ ಕಪಾಟು ಕೂರಿಸಲು ಬಂದ ಬಡಗಿ, ಡ್ರಿಲ್ಲಿಂಗ್ ಮಿಷನ್ನಿನ ಕೆಟ್ಟ ಬ್ಯಾಟರಿಯೊಂದನ್ನು ಹಿತ್ತಿಲಿಗೆ ಎಸೆದು ಹೋದನಂತೆ. ಇವರು ಅದನ್ನು ಎತ್ತಿಕೊಂಡು ಬಂದು, ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಹೆಬ್ಬೆರಳು ಗಾತ್ರದ ಹತ್ತು ಸೆಲ್ಲು, ತೆಳ್ಳನೆ ತಗಡಿನ ಪಟ್ಟಿಯಿಂದ ಬೆಸೆದುಕೊಂಡು ಒತ್ತೊತ್ತಾಗಿ ಕೂತಿವೆ. ಮಾರ್ಕೆಟ್ಟಿನ ಮೊಬೈಲ್ ರಿಪೇರಿ ಸಾಬರಿಗೆ ತೋರಿಸಿದರು. ಅವರು ಮೀಟರ್ ಇಟ್ಟು ನೋಡಿ, "ಅಮ್ಮಾ, ಇದ್ರಾಗೆ ಒಂದೇ ಖರಾಬ್ ಆಗೈತೆ. ಬಾಕಿ ಎಲ್ಲಾ ಏಕ್‌ದಮ್ ಗಟ್ಟಿ" ಅಂದರಂತೆ.

ಅಷ್ಟೇ! ಶೇಂಗಾ ವ್ಯಾಪಾರದ ಮನೆಯ ಸೊಸೆಗೆ ಅದು ಸಹಿಸುವ ಮಾತೇ? "ಚೀಲದಾಗೆ ಒಂದು ಜೊಳ್ಳು ಕಾಯಿ ಸಿಕ್ತು ಅಂತ ಚೀಲಾನೇ ತಿಪ್ಪೆಗೆ ಸುರಿಯೋದಾ?" ಎಂದು ಅವತ್ತು ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ. ಚಳ್ಳಕೆರೆಯಲ್ಲಿ ಯಾರ ಮನೆ ಕಟ್ಟುತ್ತಿದ್ದರೂ ಗೃಹಪ್ರವೇಶಕ್ಕೆ ಮೊದಲೇ ಅತ್ತೆ ಪ್ರವೇಶ ಮಾಡಿರುತ್ತಾರೆ. ಬಡಗಿಗಳ ಹತ್ತಿರ ಕೆಟ್ಟ ಬ್ಯಾಟರಿ ಕೇಳಿ ತರುತ್ತಾರೆ. ಮಧ್ಯಾಹ್ನ ಬೇರೆ ಹೆಂಗಸರು ಧಾರಾವಾಹಿ ನೋಡುವ ಹೊತ್ತಿಗೆ ಇವರು ಅಂಗಳದಲ್ಲಿ ಚಾಪೆ ಹಾಸಿ ಸೆಲ್ಲು ಸುಲಿಯುತ್ತಾರೆ. ಶೇಂಗಾ ಸುಲಿದ ಹಾಗೇ! ಒಂದೊಂದನ್ನೂ ಚಾರ್ಜು ಮಾಡಿ ಕೆಲವು ವಾರ ಸುಮ್ಮನೆ ಬಿಟ್ಟು, ಮತ್ತೆ ಮೀಟರ್ ಇಟ್ಟು ನೋಡುವುದು. ಚಾರ್ಜು ಉಳಿಸಿಕೊಂಡದ್ದು ಗಟ್ಟಿ. ಸ್ವಲ್ಪ ಇಳಿದದ್ದು ಅರೆಗಟ್ಟಿ. ಪೂರ್ತಿ ಇಳಿದದ್ದು ಜೊಳ್ಳು. ನನ್ನನ್ನು ಯಾವ ಗುಂಪಿಗೆ ಸೇರಿಸಿದ್ದಾರೆ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಈ ಗಟ್ಟಿ ಸೆಲ್ಲುಗಳನ್ನು ಇಡಲು ಜಾಗ ಬೇಕಲ್ಲ? ಅಡುಗೆಮನೆಯ ಡಬ್ಬಿಗಳಿಗಿಂತ ಒಳ್ಳೆ ಜಾಗ ಯಾವುದಿದೆ ಹೇಳಿ! ನಮ್ಮವ್ವ ಮೊದಲ ಸಲ ಬೀಗರ ಮನೆಗೆ ಹೋದಾಗ, "ಡಬ್ಬಿ ತಗೊಂಡು ತಿನ್ನಿ ಬೀಗ್ತೀ, ಸಂಕೋಚ ಬ್ಯಾಡ" ಎಂದು ಅತ್ತೆ ಒಳಗಿನಿಂದಲೇ ಕೂಗಿದರು. ಅವ್ವ ಕನ್ನಡಕ ಬಿಟ್ಟು ಬಂದಿದ್ದಳು. ಕೈಗೆ ಸಿಕ್ಕ ಡಬ್ಬಿಗೆ ಕೈಹಾಕಿ, ಗುಲಾಬಿ ಬಣ್ಣದ್ದೊಂದನ್ನು ಮಿಠಾಯಿ ಅಂತ ಬಾಯಿಗಿಟ್ಟು ಕಚ್ಚಿಯೇ ಬಿಟ್ಟಳು! ಪುಣ್ಯಕ್ಕೆ ಸೆಲ್ಲಿಗೂ ಏನಾಗಲಿಲ್ಲ, ಹಲ್ಲಿಗೂ ಏನಾಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಅವ್ವ ಇಷ್ಟೇ ಅಂದಳು: "ಬೀಗರ ಮನೆ ತಿಂಡಿ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಇಷ್ಟು ಗಟ್ಟಿ ಅಂತ ಯಾರೂ ಹೇಳಿರ್ಲಿಲ್ಲ ನೋಡಪ್ಪ."

ಮೊದಲ ದೀಪಾವಳಿಗೆ ಅಳಿಯನಿಗೆ ಉಂಗುರ ಕೊಡುವುದು ಎಲ್ಲ ಕಡೆಯ ಪದ್ಧತಿ. ನನಗೂ ತಟ್ಟೆಯಲ್ಲಿ ಎಲೆ ಅಡಿಕೆ, ಹೂವು, ಹಣ್ಣು ಬಂತು. ಮಧ್ಯದಲ್ಲಿ ಉಂಗುರ ಹುಡುಕಿದರೆ ಇದ್ದದ್ದು ಪೈಪಿನ ತುಂಡಿನಲ್ಲಿ ಮಾಡಿದ ಒಂದು ಟಾರ್ಚು. "ಒತ್ತಿ ನೋಡಿ ಅಳಿಯಂದ್ರೇ" ಅಂದರು ಅತ್ತೆ. ಒತ್ತಿದೆ. ಎದುರು ಮನೆಯ ಹುಂಜ ಬೆಳಗಾಯಿತೆಂದು ಕೂಗಿತು! ನನ್ನ ಹೆಂಡತಿ, "ಅವ್ವ, ಉಂಗುರ ಎಲ್ಲೇ?" ಅಂದರೆ, "ಉಂಗುರ ಕತ್ತಲಾಗೆ ದಾರಿ ತೋರಿಸ್ತೈತೇನೇ?" ಅಂದರು. ಉತ್ತರ ಇದ್ದರೆ ನೀವೇ ಹೇಳಿ.

ಇಷ್ಟೆಲ್ಲ ನಡೆಯುವಾಗ ಮಾವ ಸುಮ್ಮನಿದ್ದರೇ ಎಂದು ನೀವು ಕೇಳಬೇಕು. ಮಾವ ಸುಮ್ಮನಿರುವುದೇ! ಜೀವಮಾನವಿಡೀ ಶೇಂಗಾ ಹರಾಜಿನಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಅದು. ಅವರು ಚಳ್ಳಕೆರೆಯಲ್ಲಿ ಕೆಮ್ಮಿದರೆ ಜಟಿಂಗ ರಾಮೇಶ್ವರ ಬೆಟ್ಟದ ಕೋತಿಗಳು ಮರ ಹತ್ತುತ್ತವೆ ಎಂದು ನಮ್ಮಣ್ಣ ಹೇಳುತ್ತಾನೆ. ಬೆಳಗ್ಗೆ ಎದ್ದರೆ ಅತ್ತೆಯನ್ನು ಬೈಯುವುದು, ಶೇಂಗಾ ಮಂಡಿಯಿಂದ ಊಟಕ್ಕೆ ಬಂದರೆ ಬೈಯುವುದು, ಸಂಜೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಮತ್ತೆ ಶುರು. ಅತ್ತೆ ಮೀಟರಿನಿಂದ ಕಣ್ಣೆತ್ತದೆ, "ಆಯ್ತು ಕಣ್ರೀ" ಅನ್ನುವರು. ಆ ಮನೆಯಲ್ಲಿ ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ, ಯಾವ ಬೈಗುಳ ನಡೆಯುತ್ತಿದೆ ಎಂದು ಕೇಳಿಸಿಕೊಂಡರೆ ಹೊತ್ತು ಗೊತ್ತಾಗುತ್ತಿತ್ತು.

ಒಂದು ದಿನ ಮಾತ್ರ ಅದು ಬೈಗುಳದಲ್ಲಿ ಮುಗಿಯಲಿಲ್ಲ. ಅವತ್ತು ಮಳೆ ಹನಿಯುತ್ತಿತ್ತು ಎಂದು ಅತ್ತೆ ಚಾಪೆಯನ್ನು ಒಳಗೆ ಹಾಸಿಕೊಂಡಿದ್ದರು. ಸೆಲ್ಲಿನ ತಗಡು ಕೀಳಲು ಕೈಗೆ ಸಿಕ್ಕಿದ ಅಡಕತ್ತರಿ ಹಾಕಿದರು. ಅದು ಜಾರಿ ಸೆಲ್ಲಿನ ಹೊಟ್ಟೆಗೇ ಚುಚ್ಚಿತು. ನಾಗರಹಾವಿನ ಹಾಗೆ ಬುಸ್ ಅಂದು ಹೊಗೆ ಎದ್ದಿತು! ಅತ್ತೆ ಗಾಬರಿಯಲ್ಲಿ ಇಕ್ಕಳದಿಂದ ಹಿಡಿದು ಕಿಟಕಿಯಾಚೆ ಎಸೆದರು. ಅದು ಸರಿಯಾಗಿ ಹೋಗಿ ಬಿದ್ದದ್ದು ಜಗಲಿಯ ಮೇಲೆ ಮಡಚಿಟ್ಟಿದ್ದ ಮಾವನ ಕರಿ ಕಂಬಳಿಯ ಮೇಲೆ. ಕಂಬಳಿಯ ನಡುವೆ ರೊಟ್ಟಿಯಗಲ ತೂತು!

ಮಾವ ಬಂದರು. ನೋಡಿದರು. ಮನೆ ಸುಟ್ಟುಹೋಗಬಹುದಿತ್ತು ಎನ್ನುವುದು ಅವರಿಗೂ ಹೊಳೆಯಿತು, ಅತ್ತೆಗೂ ಹೊಳೆಯಿತು. "ನೋಡು, ಈ ಮನೇಲಿ ಒಂದು ನಾನಿರ್ಬೇಕು, ಇಲ್ಲ ನಿನ್ನ ಸೆಲ್ಲಿರ್ಬೇಕು. ಯಾವುದು ಹೇಳು!" ಎಂದು ಗುಡುಗಿದರು.

ಅತ್ತೆ ಯೋಚನೆ ಮಾಡತೊಡಗಿದರು.

ಕೊನೆಗೆ ಅವರು ಮಾವನನ್ನೇ ಆರಿಸಿಕೊಂಡರು, ಸುಳ್ಳು ಹೇಳಬಾರದು. ಆದರೆ ಯೋಚನೆ ಮಾಡಿದರಲ್ಲ! ಆ ನೋವನ್ನು ಮಾವ ಬಹಳ ದಿನ ಎಲ್ಲರ ಮುಂದೆ ತೋಡಿಕೊಂಡರು.

ಸೆಲ್ಲುಗಳು ಚಳ್ಳಕೆರೆ ಬಿಟ್ಟವು. ಬಿಟ್ಟು ಎಲ್ಲಿಗೆ ಬಂದವು? ಮೊಳಕಾಲ್ಮೂರಿಗೆ, ನಮ್ಮ ಮನೆಗೆ! ಅವುಗಳ ಹಿಂದೆಯೇ ವಾರಕ್ಕೊಮ್ಮೆ ಅತ್ತೆಯೂ ಬರತೊಡಗಿದರು. ಈಗ ಬಯಲಲ್ಲೇ ಕೂರುವುದು, ಪಕ್ಕದಲ್ಲಿ ಒಂದು ಬಾಂಡ್ಲಿ ಮರಳು ಇಟ್ಟುಕೊಳ್ಳುವುದು, ಅಡಕತ್ತರಿಯನ್ನು ಅಡಿಕೆಗೆ ಮಾತ್ರ ಬಳಸುವುದು ಎಂದು ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಜೊಳ್ಳುಗಳನ್ನು ಕಸಕ್ಕೆ ಹಾಕದೆ ಸಾಬರ ಮೂಲಕ ಹಳೇ ಬ್ಯಾಟರಿ ಕೊಳ್ಳುವವರಿಗೆ ಕಳಿಸುತ್ತಿದ್ದರು. ನೇಯ್ಗೆಯವರಾದ ನಮ್ಮ ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿ, "ಏಮಮ್ಮಾ, ದೀಪಾವಳಿ ಪಟಾಕಿಯಾ?" ಎಂದು ತೆಲುಗು ಕನ್ನಡ ಬೆರೆಸಿ ಕೇಳಿದರು. "ಢಂ ಅನ್ನದಿರೋ ಪಟಾಕಿ" ಅಂದರು ಅತ್ತೆ. ಆಕೆ ಅವತ್ತಿನಿಂದ ನಮ್ಮ ಬೇಲಿಯ ಹತ್ತಿರ ಸೀರೆ ಒಣಗಿಸುವುದನ್ನು ಬಿಟ್ಟರು.

ಬರುವ ದಾರಿಯಲ್ಲಾದರೂ ನೆಮ್ಮದಿಯಾಗಿ ಬರುತ್ತಿದ್ದರೇ? ಒಂದು ಸಲ ಚೀಲದಿಂದ ಕೆಂಪು ಕಪ್ಪು ವೈರು ಇಣುಕಿದ್ದನ್ನು ಕಂಡಕ್ಟರ್ ನೋಡಿದ.

"ಏನಮ್ಮಾ ಇದು? ಬಾಂಬಾ?"

"ಹೆಂಗಸರಿಗೆ ಟಿಕೇಟು ಫ್ರೀ ಅಲ್ವೇನಪ್ಪ? ಬಾಂಬು ಗಂಡೋ ಹೆಣ್ಣೋ ನೀನೇ ನೋಡಿ ಹೇಳು" ಅಂದರಂತೆ ಅತ್ತೆ. ಬಸ್ಸು ನಿಂತಿತು. ಅತ್ತೆ ಚೀಲ ಬಿಚ್ಚಿ ಎಲ್ಲವನ್ನೂ ತೋರಿಸಿ, ಕಂಡಕ್ಟರನ ಕೆಟ್ಟ ಟಾರ್ಚಿಗೆ ಒಂದು ಸೆಲ್ಲು ಹಾಕಿಕೊಟ್ಟ ಮೇಲೆಯೇ ಬಸ್ಸು ಹೊರಟಿತು. ಈಗ ಆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಅವರಿಗೇ ಮೀಸಲು.

ಇನ್ನೊಂದು ಸಲ ಮೊಳಕಾಲ್ಮೂರಿನ ಬಸ್ಸು ಬಿಟ್ಟು ಕುದಾಪುರದ ಬಸ್ಸು ಹತ್ತಿದರು. ಅಲ್ಲಿ ವಿಜ್ಞಾನಿಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳಿವೆಯಲ್ಲ? ಒಂದರ ಗೇಟಿನ ಮುಂದೆ ನಿಂತು ಕಾವಲಿನವನನ್ನು ಕೇಳಿದರಂತೆ: "ಯಪ್ಪಾ, ಇಂಥಾ ದೊಡ್ಡ ದೊಡ್ಡ ಮಿಷನ್ನು ಇಟ್ಕೊಂಡಿದೀರಿ, ಹಳೇ ಬ್ಯಾಟ್ರಿ ಯಾವ ತಿಪ್ಪೆಗೆ ಹಾಕ್ತೀರಿ?" ಅವನು ಹೆಸರು, ಊರು, ಮನೆಯವರ ಫೋನ್ ನಂಬರ್ ಕೇಳಿದ. ಇವರು ಕೊಟ್ಟದ್ದು ನನ್ನ ನಂಬರು! ಎಂಟನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತಿದ್ದವನು ಪಾಠ ನಿಲ್ಲಿಸಿ, "ಹೌದು ಸಾರ್, ನಮ್ಮತ್ತೇನೇ. ಇಲ್ಲ ಸಾರ್, ಬೇರೆ ಉದ್ದೇಶ ಏನಿಲ್ಲ" ಎಂದು ಬೆವರು ಒರೆಸಿಕೊಂಡೆ.

ಹೀಗೆ ನಡೆಯುತ್ತಿರುವಾಗ ಒಂದು ವಾರ ಅತ್ತೆ ಬರಲಿಲ್ಲ. ಮಾರನೇ ವಾರವೂ ಇಲ್ಲ.

ಮಾವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತ್ತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಪ್ರಾಣಕ್ಕೆ ಭಯವಿಲ್ಲ, ಆದರೆ ಧ್ವನಿ ಇನ್ನು ಇಷ್ಟೇ ಅಂದರು ಡಾಕ್ಟರು. ಇಷ್ಟೇ ಅಂದರೆ ಪಿಸುಮಾತು. ಒಣಗಿದ ಎಲೆ ನೆಲದ ಮೇಲೆ ಸರಿದಷ್ಟು ಸದ್ದು. ಮಾವ ಮಂಡಿಗೆ ಹೋಗುವುದನ್ನು ಬಿಟ್ಟರು. ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂರುವರು. ನೀರು ಬೇಕೆಂದರೆ ಲೋಟವನ್ನು ನೆಲಕ್ಕೆ ಬಡಿಯುವರು, ಅತ್ತೆ ಓಡಿ ಬರುವರು. ಬೇರೆ ಮಾತಿಲ್ಲ.

"ಪಾಪ, ಈಗಲಾದ್ರೂ ಆಯಮ್ಮಗೆ ಬೈಗುಳ ತಪ್ತು" ಎಂದು ಬೀದಿಯವರು ಅಂದರಂತೆ.

ಒಂದು ಭಾನುವಾರ ನಾವು ನೋಡಲು ಹೋದಾಗ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಕೈಬಳೆಗಳು ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದರು.

"ಲೋಟ ಬಡಿದ್ರೆ ನಾನು ಬರ್ತೀನಿ. ಆದ್ರೆ ಲೋಟ ಬೈಯಲ್ವಲ್ಲ ಅಳಿಯಂದ್ರೇ" ಅಂದರು. ಮತ್ತೆ ಕೇಳಿದರು: "ನೀವು ಇಸ್ಕೂಲಾಗೆ ಸೊಂಟಕ್ಕೆ ಕಟ್ಕೊಂಡು ಪಾಠ ಮಾಡ್ತೀರಲ್ಲ, ಬಾಯಿ ಹತ್ರ ಮೈಕು ಇರೋ ಡಬ್ಬಿ, ಅದನ್ನ ಕೊಡ್ತೀರಾ?"

"ಅದರ ಬ್ಯಾಟರಿ ಹೋಗಿದೆ ಅತ್ತೆ. ಹೊಸದೇ ತರೋಣ."

"ಹೊಸದು ಎಂಥದೋ ಯಾರಿಗೆ ಗೊತ್ತು? ಯಾವಾಗ ಕೈಕೊಡ್ತೈತೋ! ನನ್ನ ಸೆಲ್ಲು ನಾನು ನೋಡಿರೋವು."

ಮಾರನೇ ಭಾನುವಾರ ನನ್ನ ಹಳೇ ಡಬ್ಬಿಯ ಜೊತೆಗೆ ಎಲ್ಲ ಗಟ್ಟಿ ಸೆಲ್ಲುಗಳನ್ನೂ ಚಳ್ಳಕೆರೆಗೆ ಒಯ್ದೆ. ಅತ್ತೆ ಅಂಗಳದಲ್ಲಿ ಕೂತು ಒಂದೊಂದಕ್ಕೂ ಮೀಟರ್ ಇಟ್ಟರು. ಎತ್ತಿಟ್ಟದ್ದನ್ನೇ ಮತ್ತೆ ನೋಡಿದರು. ಕಂಡಕ್ಟರನಿಗೆ ಕ್ಷಣದಲ್ಲಿ ಸೆಲ್ಲು ಹಾಕಿಕೊಟ್ಟವರಿಗೆ ಇಲ್ಲಿ ಯಾವುದೂ ಒಪ್ಪಿಗೆಯಾಗದು. ಹಾಕಿದ ಬೆಸುಗೆಯನ್ನೂ ಎರಡೆರಡು ಸಲ ಬಿಚ್ಚಿ ಮತ್ತೆ ಹಾಕಿದರು.

ಮಾವ ಮೊದಲು ಬೇಡ ಎಂದು ಕೈಯಾಡಿಸಿದರು. ನನ್ನ ಹೆಂಡತಿ, "ಅಪ್ಪಾ, ಒಂದೇ ಒಂದ್ಸಲ" ಎಂದು ಬೇಡಿಕೊಂಡು ಡಬ್ಬಿಯನ್ನು ಸೊಂಟಕ್ಕೆ ಕಟ್ಟಿ, ಮೈಕನ್ನು ತುಟಿಯ ಹತ್ತಿರ ತಂದಿಟ್ಟಳು. ಡಬ್ಬಿ ಕೀ ಎಂದು ಸಿಳ್ಳೆ ಹಾಕಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ಬಂದು ನಿಂತರು.

"ಬೈರಿ" ಅಂದರು.

ಮಾವ ನೋಡಿದರು.

"ಏನಾದ್ರೂ ಬೈರಿ, ಕೇಳಾನ."

ಮಾವ ಅತ್ತೆಯ ಮುಖ ನೋಡಿದರು, ಜಾರಿದ ಬಳೆಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಡಬ್ಬಿಯ ಸೌಂಡನ್ನು ಪೂರ್ತಿ ಏರಿಸಿಟ್ಟದ್ದು ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

"ಎಷ್ಟು ಸೊರಗಿದೀಯೇ ನೀನು" ಎಂದಿತು ಡಬ್ಬಿ, ಇಡೀ ಬೀದಿಗೆ ಕೇಳುವ ಹಾಗೆ. "ಊಟ ಮಾಡ್ದಾ?"

ಎದುರು ಮನೆಯಲ್ಲಿ ಅಂಗಳ ಗುಡಿಸುತ್ತಿದ್ದಾಕೆ ಪೊರಕೆ ಹಿಡಿದು ಹಾಗೇ ನಿಂತಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇಲ್ಲ ಎಂದು ತಲೆಯಾಡಿಸಿದರು.

"ಬಾಯಿ ಬಿಟ್ಟು ಹೇಳು!" ಎಂದಿತು ಡಬ್ಬಿ.

"ಇನ್ನೂ ಇಲ್ಲ ಕಣ್ರೀ!" ಎಂದು ಕೂಗಿದ ಅತ್ತೆ, ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿ, ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟರು.