ಕಾಕಾನ ನೆಟ್ಟಗಿನ ಬೆನ್ನು

ತಾಂಬಾದಲ್ಲಿರುವ ನಮ್ಮ ಕಾಕಾ ದೇವರಿಗೂ ಬೆನ್ನು ಬಗ್ಗಿಸಿದವನಲ್ಲ. ನಾಸ್ತಿಕ ಅಂದುಕೊಳ್ಳಬೇಡಿ ಮತ್ತೆ! ಗರ್ಭಗುಡಿಯ ಮುಂದೆ ಮೊಳಕಾಲು ಮಡಚಿ, ಬೈಠಕ್ ಹೊಡೆದಂತೆ ಇಳಿದು ಎದ್ದು ಕೈಮುಗಿಯುತ್ತಾನೆ. ಹಿಂದಿನ ಸಾಲಿನವರು ಅಲ್ಲಿಯವರೆಗೆ ಕಾಯಬೇಕು.

ಚಿಕ್ಕಂದಿನಿಂದ ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣಲ್ಲಿ ಹೊರಳಿದ ಮನುಷ್ಯ. ಐವತ್ತು ದಾಟಿದರೂ ಸಾಮು ಬಿಟ್ಟಿಲ್ಲ. ಅವನದು ಒಂದೇ ಕಾನೂನು: ದಣಿದ ಮೈ ಕಳ್ಳಾಟಕ್ಕಿಳಿಯುತ್ತದೆ, ಆಗಲೇ ನೆಟ್ಟಗೆ ಮಾಡಬೇಕು, ಆಗದಿದ್ದರೆ ನಿಲ್ಲಿಸಬೇಕು. ಈ ಕಾನೂನು ತಾಲೀಮಿನೊಳಗೇ ಇದ್ದಿದ್ದರೆ ನಮಗೇನು ತೊಂದರೆಯಿತ್ತು? ಗ್ಯಾಸ್ ಸಿಲಿಂಡರ್ ತಂದವನನ್ನೂ ಬಾಗಿಲಲ್ಲೇ ತಡೆದು, "ಇಳಸು, ಇಳಸು! ಹಿಂಗ ಎತ್ತತಾರೇನು? ಮೊದಲ ಕುಂಡರು" ಎಂದು ಪಾಠ ಶುರುಮಾಡಿದ. ಅಂದಿನಿಂದ ಆ ಪುಣ್ಯಾತ್ಮ ನಮ್ಮ ಸಿಲಿಂಡರನ್ನು ಪಕ್ಕದ ಮನೆಯಲ್ಲಿಟ್ಟು ಓಡುತ್ತಾನೆ!

ಒಮ್ಮೆ ಇಂಡಿಯಲ್ಲಿ ನಾನು ಹೋಗುತ್ತಿದ್ದ ಜಿಮ್ಮಿಗೂ ಬಂದ. ಒಬ್ಬ ಹುಡುಗ ದಣಿದು, ಬೆನ್ನು ಬಾಗಿಸಿ ಭಾರ ಎತ್ತುತ್ತಿದ್ದ. ಗೆಳೆಯರು "ಇನ್ನೊಂದು, ಇನ್ನೊಂದು" ಎಂದು ಕೂಗುತ್ತಿದ್ದರು.

"ಇನ್ನೊಂದು ಬ್ಯಾಡೋ ತಮ್ಮಾ! ಇರೂದ ಒಂದ ನಡಾ ಐತಿ ನಿನಗ" ಎಂದ ಕಾಕಾ.

"ನೀವ್ಯಾರ್ರಿ?"

"ನಾ ನಿನ್ನ ನಡದ ಪಾರ್ಟಿಯಾಂವ!"

ನಾನು ಮರುದಿನವೇ ಜಿಮ್ಮು ಬದಲಿಸಿದೆ.

ಕಾಕಾನ ತಾಯಿ, ಅಂದರೆ ನಮ್ಮ ಆಯಿ, ಹೋದ ವರ್ಷ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಳು. ದಿನಾ ಮುಂಜಾನೆ ಅವಳನ್ನು ಎತ್ತಿ ಅಂಗಳದ ಬಿಸಿಲಿಗೆ ಕೂರಿಸುವುದು ಕಾಕಾನ ಕೆಲಸ. ಅಲ್ಲಾದರೂ ಬಿಡಬೇಕಲ್ಲ! ಪಾದ ಸರಿಮಾಡಿಕೊಂಡು, ಕುಕ್ಕರಗಾಲಲ್ಲಿ ಕೂತು, ಉಸಿರು ಹಿಡಿದು...

"ಲಗೂನ ಎತ್ತೋ! ನಾ ಏನ್ ಗುಂಡಗಲ್ಲೇನು?"

"ಕಲ್ಲ ಇದ್ರ ಚಲೋ ಇತ್ತವ್ವಾ, ಅದು ಮಾತಾಡೂದಿಲ್ಲ."

ಕಲ್ಲಿನ ಮಾತು ಸುಮ್ಮನೆ ಬಂದದ್ದಲ್ಲ. ಕಾರಹುಣ್ಣಿಮೆಗೆ ಊರ ಅಗಸಿಬಾಗಿಲ ಮುಂದೆ ಗುಂಡುಕಲ್ಲು ಎತ್ತುವ ಪಂದ್ಯ. ಗೆದ್ದವನಿಗೆ ಬೆಳ್ಳಿ ಕಡಗ. ಅದು ಕಾಕಾನಿಗೆ ಒಮ್ಮೆಯೂ ದಕ್ಕಿರಲಿಲ್ಲ. ಈ ಸಲ ತಂದೇ ತರುತ್ತೇನೆ ಎಂದು ಆಯಿಗೆ ಮಾತು ಕೊಟ್ಟಿದ್ದ.

ಪಂದ್ಯದ ದಿನ ಕಲ್ಲು ಅವನ ಮೊಳಕಾಲಿಗೆ ಬಂತು, ಎದೆಗೆ ಬಂತು. ಇನ್ನು ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ ಮುಗಿಯಿತು. ಆಗ ಅವನ ಕಾಲು ನಡುಗಿದವು, ಬೆನ್ನು ಕೊಂಚ ಬಾಗಿತು. "ಒಗೀರಿ ಕಾಕಾ!" ಎಂದು ಜನ ಶಿಳ್ಳೆ ಹಾಕಿದರು. ನಾನಂತೂ ಗಂಟಲು ಹರಿಯುವಂತೆ ಕೂಗಿದೆ. ಕಾಕಾ ಉಸಿರು ಬಿಟ್ಟು, ಮೊಳಕಾಲು ಮಡಚಿ, ಕೂಸನ್ನು ಮಲಗಿಸಿದಂತೆ ಕಲ್ಲನ್ನು ನೆಲಕ್ಕಿಟ್ಟುಬಿಟ್ಟ! ಗೊಳಸಂಗಿಯ ಹುಡುಗನೊಬ್ಬ ಅಷ್ಟಾವಕ್ರನಾಗಿ ಎತ್ತಿ ಒಗೆದು ಕಡಗ ತೊಟ್ಟುಕೊಂಡು ಹೋದ.

ಮನೆಗೆ ಬಂದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಆಯಿ ಮಲಗಿದ್ದ ಕೋಣೆಯ ಹೊರಗೇ ಕೇಳಿದೆ, "ಒಂದ ಸಲ ಸೊಟ್ಟ ಆಗಿದ್ರ ಏನ್ ಹೋಗತಿತ್ತು ಕಾಕಾ?"

"ನಡಾ ಹೋಗತಿತ್ತು. ಆಮ್ಯಾಲ ನಾಳೆ ಮುಂಜಾನೆ ಅವ್ವನ್ನ ಬಿಸಲಿಗೆ ಯಾರ ಎತ್ಕೊಂಡ ಬರತಿದ್ರು? ನೀ ಬರತಿದ್ದೇನು?"



ಮರುದಿನ ಮುಂಜಾನೆ ಅವನ ತೋಳು ಇನ್ನೂ ನೋಯುತ್ತಿದ್ದವು. ಆದರೂ ಎಂದಿನಂತೆ ಕುಕ್ಕರಗಾಲಲ್ಲಿ ಕೂತು ಆಯಿಯನ್ನು ಎತ್ತಿದ. ಆಯಿ ಅಂದು ಅವಸರ ಮಾಡಲಿಲ್ಲ. ಅವನ ಕೊರಳು ಬಳಸಿದ್ದ ಕೈಯನ್ನು ಮೆಲ್ಲಗೆ ಇಳಿಸಿ, ಬೆನ್ನು ಸವರಿ ನೋಡಿದಳು.

"ನೆಟ್ಟಗೈತೋ ಮಗಾ," ಎಂದಳು. "ನಡಿ."